ಜನರಲ್ ಬರೆದ ಪತ್ರ ಕಪಾಟಿನಲ್ಲಿ, ನಮ್ಮ ಜಗಳ ಬೀದಿಯಲ್ಲಿ

ಸೆಪ್ಟೆಂಬರ್ 17 ಹತ್ತಿರ ಬಂತೆಂದರೆ ಕಲಬುರಗಿ, ಬೀದರ್, ಯಾದಗಿರಿ ಕಡೆ ಎರಡು ಕೆಲಸ ಶುರುವಾಗುತ್ತವೆ. ಒಂದು, ಧ್ವಜಾರೋಹಣದ ತಯಾರಿ. ಇನ್ನೊಂದು, 1948ರಲ್ಲಿ ನಮ್ಮ ಊರುಗಳಿದ್ದ ನಿಜಾಮರ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರುವಾಗ ಯಾರು ಏನು ಮಾಡಿದರು ಎಂಬ ವಾದ. ಪಟೇಲರೊಬ್ಬರೇ ಗಟ್ಟಿಯಾಗಿ ನಿಂತರು, ನೆಹರು ಹಿಂದೆ ಮುಂದೆ ನೋಡಿದರು ಎನ್ನುತ್ತದೆ ಒಂದು ಗುಂಪು. ಸಂಪುಟ ಒಟ್ಟಿಗೆ ಕೂತು ತೀರ್ಮಾನ ಮಾಡಿತು ಎನ್ನುತ್ತದೆ ಇನ್ನೊಂದು. ಆದದ್ದು ವಿಮೋಚನೆ ಅಂತ ಕೆಲವರು, ವಿಲೀನ ಅಂತ ಕೆಲವರು. ಹಳ್ಳಿಯ ಹಿರಿಯರು ಮಾತ್ರ ಇವತ್ತಿಗೂ 'ಪೊಲೀಸ್ ಆ್ಯಕ್ಷನ್' ಎಂದೇ ಹೇಳುತ್ತಾರೆ. ವಾದ ಮಾಡುವವರ ಕೈಯಲ್ಲಿ ಕಾಗದ ಕಡಿಮೆ, ಮೊಬೈಲಿಗೆ ಬಂದ ಫಾರ್ವರ್ಡ್ ಜಾಸ್ತಿ.

ಕಾಗದ ಇಲ್ಲವೆಂದಲ್ಲ. ಇದೆ. ಸ್ವಲ್ಪ ಅಚ್ಚಾಗಿದೆ, ಸ್ವಲ್ಪ ಲಂಡನ್ನಿನಲ್ಲಿದೆ, ಸ್ವಲ್ಪ ದೆಹಲಿಯ ಒಂದು ಕಪಾಟಿನಲ್ಲಿ ಬೀಗ ಹಾಕಿಸಿಕೊಂಡು ಕೂತಿದೆ. ಆ ಬೀಗದ ಬಗ್ಗೆ ಕೆಲವು ವರ್ಷಗಳಿಂದ ತಕರಾರು ನಡೆದಿದೆ. ಅದು ಕಾಶ್ಮೀರದ ವಿಷಯ, ನಮಗೇನು ಎಂದು ಈ ಭಾಗದವರು ಅದರತ್ತ ಹೆಚ್ಚು ನೋಡಿಲ್ಲ. ಆದರೆ ಆ ಕಾಗದ ಬರೆದ ಮನುಷ್ಯನಿಗೂ ನಮ್ಮ ಊರುಗಳಿಗೂ ನೇರ ಸಂಬಂಧ ಇದೆ.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನದೊಳಗೆ ಕಾಲಿಟ್ಟಿತು. ಮುಖ್ಯ ಪಡೆ ಬಂದದ್ದು ಸೊಲ್ಲಾಪುರದ ಕಡೆಯಿಂದ. ನಳದುರ್ಗ, ಉಮರ್ಗಾ ದಾಟಿ ಬೀದರ್ ಜಿಲ್ಲೆಯ ರಾಜೇಶ್ವರಕ್ಕೆ, ಅಲ್ಲಿಂದ ಹುಮನಾಬಾದ್ ಮೇಲೆ ಜಹೀರಾಬಾದಿಗೆ. ಇವತ್ತು ಸೊಲ್ಲಾಪುರ–ಹೈದರಾಬಾದ್ ಬಸ್ಸು ಓಡುವುದೂ ಹೆಚ್ಚುಕಡಿಮೆ ಅದೇ ದಾರಿಯಲ್ಲಿ. 17ರ ಬೆಳಗಿನ ಜಾವ ಸೇನೆ ಬೀದರ್ ಪ್ರವೇಶಿಸಿತು. ಅದೇ ದಿನ ನಿಜಾಮರ ಪ್ರಧಾನಿ ಲಾಯಕ್ ಅಲಿಯವರ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು, ನಿಜಾಮರು ಕದನ ನಿಲ್ಲಿಸಿದರು. ಮರುದಿನ ನಿಜಾಮರ ಸೇನಾಪತಿ ಎಲ್ ಎದ್ರೂಸ್, ಮೇಜರ್ ಜನರಲ್ ಜೆ.ಎನ್. ಚೌಧುರಿ ಮುಂದೆ ಶರಣಾದರು. ಇಷ್ಟು ನಮ್ಮ ಶಾಲಾ ಮಕ್ಕಳಿಗೂ ಗೊತ್ತು.

ಆಗ ಭಾರತೀಯ ಸೇನೆಯ ಮಹಾದಂಡನಾಯಕ ಯಾರಿದ್ದರು ಎಂದು ಕೇಳಿ ನೋಡಿ. ಬಹಳ ಜನ ಕಾರ್ಯಪ್ಪ ಎನ್ನುತ್ತಾರೆ. ಅಲ್ಲ. ಸ್ವಾತಂತ್ರ್ಯ ಬಂದು ವರ್ಷ ಕಳೆದಿದ್ದರೂ ಆ ಕುರ್ಚಿಯಲ್ಲಿದ್ದವರು ಒಬ್ಬ ಬ್ರಿಟಿಷ್ ಅಧಿಕಾರಿ, ಜನರಲ್ ರಾಯ್ ಬೂಚರ್. 1948ರ ಜನವರಿ 1ರಿಂದ 1949ರ ಜನವರಿ 15ರವರೆಗೆ ಅವರೇ ಮುಖ್ಯಸ್ಥರು. ಅವರಿಂದ ಅಧಿಕಾರ ಪಡೆದವರು ಕೊಡಗಿನ ಕೆ.ಎಂ. ಕಾರ್ಯಪ್ಪ. ಪ್ರತಿವರ್ಷ ಜನವರಿ 15ನ್ನು ಸೇನಾ ದಿನ ಎಂದು ಆಚರಿಸುವುದು ಅದಕ್ಕೇ. ಹೀಗಾಗಿ ಕಾಶ್ಮೀರದಲ್ಲಿ 1948ರ ವರ್ಷವಿಡೀ ನಡೆದ ಯುದ್ಧ ಮತ್ತು ಹೈದರಾಬಾದಿನ ಐದು ದಿನದ ಕಾರ್ಯಾಚರಣೆ, ಎರಡೂ ನಡೆದದ್ದು ಬೂಚರ್ ಅವಧಿಯಲ್ಲಿ. ಹೊಸ ಸರ್ಕಾರಕ್ಕೆ ಹಳೇ ಸಾಮ್ರಾಜ್ಯದ ಜನರಲ್ ಸಲಹೆ ಕೊಡುತ್ತಿದ್ದರು. ಗಡಿಯ ಆಚೆ ಪಾಕಿಸ್ತಾನದ ಸೇನೆಗೂ ಒಬ್ಬ ಬ್ರಿಟಿಷ್ ಮುಖ್ಯಸ್ಥ, ಜನರಲ್ ಗ್ರೇಸಿ. ಇಬ್ಬರೂ ಪರಿಚಿತರು. ಇಂಥ ವಿಚಿತ್ರ ಪರಿಸ್ಥಿತಿಯಲ್ಲಿ ಸೇನೆ ಮತ್ತು ಪ್ರಧಾನಿ ನಡುವೆ ಏನು ಓಡಾಡಿತು ಎಂಬ ಕುತೂಹಲ ಸಹಜ ಅಲ್ವಾ?

ಬೂಚರ್ ಅವರ ಒಂದಷ್ಟು ಪತ್ರಗಳ ಕಟ್ಟು ದೆಹಲಿಯ ತೀನ್ ಮೂರ್ತಿ ಭವನದ ಗ್ರಂಥಾಲಯದಲ್ಲಿದೆ. ಮೊದಲು ಅದು ನೆಹರು ಸ್ಮಾರಕ ಗ್ರಂಥಾಲಯ, 2023ರಿಂದ ಪ್ರಧಾನಮಂತ್ರಿಗಳ ಸಂಗ್ರಹಾಲಯ. ವಿದೇಶಾಂಗ ಸಚಿವಾಲಯ 1970ರಲ್ಲೇ ಕಟ್ಟನ್ನು ಅಲ್ಲಿಗೆ ಒಪ್ಪಿಸಿ, ಇದನ್ನು ಗುಪ್ತವಾಗಿಡಿ ಎಂದು ಹೇಳಿತ್ತು. ಮಾಹಿತಿ ಹಕ್ಕಿನಡಿ ಒಬ್ಬ ಕಾರ್ಯಕರ್ತರು ಪ್ರತಿ ಕೇಳಿದರು, ಸಿಗಲಿಲ್ಲ. ಮೇಲ್ಮನವಿ ಕೇಂದ್ರ ಮಾಹಿತಿ ಆಯೋಗಕ್ಕೆ ಹೋಯಿತು. 2021ರಲ್ಲಿ ಆಯೋಗ ಒಂಥರಾ ನಡುವಿನ ಮಾತು ಹೇಳಿತು. ಇವು ಹೊರಬರುವುದು ದೇಶಕ್ಕೆ ಒಳ್ಳೆಯದು ಎಂದಿತು, ಕೊಡಿ ಎಂದು ಆದೇಶ ಮಾತ್ರ ಮಾಡಲಿಲ್ಲ. ಸಚಿವಾಲಯದ ಅನುಮತಿ ಕೇಳಿ ಎಂದು ಗ್ರಂಥಾಲಯಕ್ಕೆ ಸಲಹೆ ಕೊಟ್ಟಿತು. 2022ರ ಅಕ್ಟೋಬರಿನಲ್ಲಿ ಗ್ರಂಥಾಲಯದ ಅಧ್ಯಕ್ಷ ನೃಪೇಂದ್ರ ಮಿಶ್ರಾ ವಿದೇಶಾಂಗ ಕಾರ್ಯದರ್ಶಿಗೆ ಪತ್ರ ಬರೆದರು. ನಾವು ಓದಿ ನೋಡಿದ್ದೇವೆ, ಸಂಶೋಧಕರಿಂದ ಮುಚ್ಚಿಡಬೇಕಾದ್ದೇನೂ ಇಲ್ಲ ಎಂಬುದು ಅದರ ಸಾರ. ಮಿಶ್ರಾ ಪ್ರಧಾನಿ ಮೋದಿಯವರ ಪ್ರಧಾನ ಕಾರ್ಯದರ್ಶಿ ಆಗಿದ್ದವರು ಎಂಬುದು ನೆನಪಿರಲಿ. ಸರ್ಕಾರಕ್ಕೆ ಇಷ್ಟು ಹತ್ತಿರದವರೇ ಕೇಳಿದರೂ, ಈಗಲೇ ಬೇಡ ಎಂಬ ನಿಲುವಿಗೆ ಸಚಿವಾಲಯ ಬಂದಿದೆ ಎಂದು ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ 2023ರಲ್ಲಿ ವರದಿ ಮಾಡಿತು. ಕಾಶ್ಮೀರದ ಸೇನಾ ಕಾರ್ಯಾಚರಣೆಯ ವಿಷಯ, ಅಲ್ಲಿನ ಸೂಕ್ಷ್ಮ ವಿಷಯಗಳ ಬಗ್ಗೆ ಹಿರಿಯ ನಾಯಕರ ಪತ್ರಗಳು ಅದರಲ್ಲಿವೆ ಎಂಬುದು ಕಾರಣ.

ತಮಾಷೆ ಏನೆಂದರೆ, ಬೂಚರ್ ಅವರ ಖಾಸಗಿ ಕಾಗದಗಳು ಲಂಡನ್ನಿನ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯದಲ್ಲೂ ಇವೆ. ಅದೇ ಪತ್ರಿಕೆ ಆ ಪತ್ರವ್ಯವಹಾರದ ಕೆಲ ಭಾಗವನ್ನು ಪ್ರಕಟಿಸಿತು. 1948ರ ನವೆಂಬರ್ 28ರ ಪತ್ರದಲ್ಲಿ ಬೂಚರ್ ನೆಹರುಗೆ ಹೇಳಿದ್ದು ಇಷ್ಟು: ಸೈನಿಕರು ದಣಿದಿದ್ದಾರೆ, ಕಿರಿಯ ನಾಯಕರಿಗೆ ತರಬೇತಿ ಸಾಲದು, ರಜೆ ಮತ್ತು ವಿಶ್ರಾಂತಿ ಬೇಕು, ಯುದ್ಧದಿಂದಲೇ ಪೂರ್ತಿ ತೀರ್ಮಾನ ಪಡೆಯುವುದು ಇನ್ನು ಆಗದ ಮಾತು. ಮರುತಿಂಗಳ ಕೊನೆಗೆ, ಡಿಸೆಂಬರ್ 30ರಂದು, ಬೂಚರ್ ಗ್ರೇಸಿಗೆ ಕದನ ವಿರಾಮದ ಸಂದೇಶ ಕಳಿಸಿದರು. 1949ರ ಜನವರಿ 1ಕ್ಕೆ ಗುಂಡಿನ ಸದ್ದು ನಿಂತಿತು.

ಈ ಒಂದು ಪತ್ರ ಸಿಕ್ಕ ಕೂಡಲೇ, ನೋಡಿ, ಗೆಲ್ಲುತ್ತಿದ್ದ ಯುದ್ಧವನ್ನು ನೆಹರು ನಿಲ್ಲಿಸಿದರು ಎಂಬುದು ಸುಳ್ಳಾಯಿತು ಎಂದು ಕೆಲವರು ಖುಷಿಪಟ್ಟರು. ಅಷ್ಟು ಬೇಗ ಖುಷಿಪಡುವುದು ಬೇಡ. ಅದೇ ನವೆಂಬರಿನ ಮೊದಲ ದಿನ ಇನ್ನೊಬ್ಬ ಕೊಡಗಿನ ಅಧಿಕಾರಿ, ಮೇಜರ್ ಜನರಲ್ ತಿಮ್ಮಯ್ಯ, ಹನ್ನೊಂದು ಸಾವಿರ ಅಡಿ ದಾಟಿದ ಎತ್ತರದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿದ್ದರು. ತಿಂಗಳು ಮುಗಿಯುವಷ್ಟರಲ್ಲಿ ಕಾರ್ಗಿಲ್ ಕೈಗೆ ಬಂದು, ಲೇಹ್ ಕಡೆಗಿನ ದಾರಿ ತೆರೆದಿತ್ತು. ಆ ಗೆಲುವಿನ ಬೆನ್ನಲ್ಲೇ ದೆಹಲಿಯಲ್ಲಿ ಕೂತ ಬೂಚರ್ ಸೇನೆ ದಣಿದಿದೆ ಎಂದು ಬರೆಯುತ್ತಾರೆ. ಯಾರು ಸರಿ? ಇಬ್ಬರೂ ಸರಿ ಇರಬಹುದು. ಒಂದು ಕಣಿವೆಯಲ್ಲಿ ಗೆದ್ದ ಪಡೆಯೇ ಇಡೀ ಗಡಿಯುದ್ದಕ್ಕೂ ಮತ್ತೊಂದು ಚಳಿಗಾಲ ಹೋರಾಡಲಾರದೆ ಇರಬಹುದು. ಅಥವಾ, ಬ್ರಿಟಿಷ್ ಜನರಲ್‌ಗೆ ಎರಡು ದೇಶಗಳ ನಡುವೆ ದೊಡ್ಡ ಯುದ್ಧ ಆಗುವುದೇ ಬೇಡವಾಗಿತ್ತು, ಅದಕ್ಕೆ ದಣಿವಿನ ಮಾತು ನೆಪ ಎಂದು ಅನುಮಾನಿಸುವವರೂ ಇದ್ದಾರೆ. ಇದನ್ನು ತೂಗಿ ನೋಡಬೇಕಾದರೆ ಬೂಚರ್ ಬರೆದದ್ದಷ್ಟೇ ಸಾಲದು. ನೆಹರು ಏನು ಉತ್ತರಿಸಿದರು, ರಕ್ಷಣಾ ಮಂತ್ರಿ ಬಲದೇವ್ ಸಿಂಗ್ ಏನೆಂದರು, ಪಶ್ಚಿಮ ಕಮಾಂಡಿನಲ್ಲಿದ್ದ ಕಾರ್ಯಪ್ಪ ಏನು ವರದಿ ಕಳಿಸಿದ್ದರು, ಇವೆಲ್ಲ ಒಟ್ಟಿಗೆ ಮೇಜಿನ ಮೇಲೆ ಬರಬೇಕು. ಕಟ್ಟಿನಿಂದ ಒಂದು ಹಾಳೆ ಎಳೆದು ತೋರಿಸುವುದಕ್ಕಿಂತ ಕಟ್ಟು ಮುಚ್ಚಿರುವುದೇ ಕೆಲವು ಸಲ ಮೇಲು ಅನಿಸುವುದು ಇದಕ್ಕೇ.

ಇನ್ನು ನಮ್ಮ ಕಡೆಗೆ ಬರೋಣ. ಹೈದರಾಬಾದ್ ಕಾರ್ಯಾಚರಣೆ ಬಗ್ಗೆ ಬೂಚರ್‌ಗೆ ಅಳುಕಿತ್ತು. ಪಾಕಿಸ್ತಾನ ಸಿಟ್ಟಿಗೆದ್ದು ಮುಂಬೈ, ಅಹಮದಾಬಾದ್ ಮೇಲೆ ಬಾಂಬು ಹಾಕಿದರೆ ತಡೆಯಲು ನಮ್ಮಲ್ಲಿ ಸಾಧನ ಕಡಿಮೆ ಎಂಬುದು ಅವರ ವಾದ. ಸೇನೆ ಹೊರಡುವ ಹಿಂದಿನ ರಾತ್ರಿಯೂ ಫೋನ್ ಮಾಡಿ ಮುಂದೂಡಿ ಎಂದರು, ಪಟೇಲರು ಒಪ್ಪಲಿಲ್ಲ. ಇದು ಆಗ ಒಳಗಿದ್ದವರ ನೆನಪಿನ ಬರಹಗಳಲ್ಲಿ ಬರುವ ಕಥೆ. ಬಾಯಿಂದ ಬಾಯಿಗೆ ಹೋಗುತ್ತಾ ಈ ಕಥೆಗೆ ಮಸಾಲೆ ಸೇರಿದೆ. ಒಬ್ಬರು ಹೇಳುವಾಗ ಪಟೇಲರು ಗದರುತ್ತಾರೆ, ಇನ್ನೊಬ್ಬರು ಹೇಳುವಾಗ ನಗುತ್ತಾರೆ. ಫೋನಿನ ಮಾತಿಗೆ ಪ್ರತಿ ಇಲ್ಲವಲ್ಲ! ಆ ರಾತ್ರಿಯ ಮಾತನ್ನು ನಾವು ನಂಬಬೇಕಾದ್ದು ಹೇಳಿದವರ ಮುಖ ನೋಡಿ.

ಹಾಗೆಂದು ಹೈದರಾಬಾದಿನ ಬಗ್ಗೆ ಕಾಗದವೇ ಇಲ್ಲ ಎಂದು ಯಾರೂ ಅಂದುಕೊಳ್ಳಬೇಕಿಲ್ಲ. ಪಟೇಲರ ಪತ್ರವ್ಯವಹಾರ ಹತ್ತು ಸಂಪುಟಗಳಲ್ಲಿ 1970ರ ದಶಕದಲ್ಲೇ ಅಚ್ಚಾಗಿದೆ. ನೆಹರು ಅವರ ಆಯ್ದ ಬರಹಗಳು ನೂರು ಸಂಪುಟ ಆಗಿವೆ. ಓದಿದರೆ ಇಬ್ಬರ ನಡುವೆ ಭಿನ್ನಾಭಿಪ್ರಾಯ ಇದ್ದದ್ದು ಕಾಣುತ್ತದೆ, ಜೊತೆಗೆ ಕೆಲಸ ಮಾಡಿದ್ದೂ ಕಾಣುತ್ತದೆ. ಆದರೆ ಸಂಪುಟ ಓದುವುದಕ್ಕೆ ಸಮಯ ಬೇಕು. ಬೈಯುವುದಕ್ಕೆ ಬೇಡ.

ಕಾರ್ಯಾಚರಣೆ ಮುಗಿದ ಮೇಲಿನ ಕಾಗದದ ಕಥೆ ಇನ್ನೂ ಭಾರವಾದದ್ದು. ಅದು ನೇರವಾಗಿ ನಮ್ಮದೇ. ಮೇಜರ್ ಜನರಲ್ ಚೌಧುರಿ ಹೈದರಾಬಾದಿನ ಮಿಲಿಟರಿ ಗವರ್ನರ್ ಆದರು. ದಂಡಿನ ಅಧಿಕಾರಿಯೊಬ್ಬರು ಒಂದು ವರ್ಷಕ್ಕಿಂತ ಜಾಸ್ತಿ ಕಾಲ ನಮ್ಮ ಜಿಲ್ಲೆಗಳ ಆಡಳಿತಕ್ಕೂ ಮುಖ್ಯಸ್ಥರಾಗಿದ್ದರು. ಹಳ್ಳಿಗಳಲ್ಲಿ ಆಗ ನಡೆದ ಕೊಲೆ, ಲೂಟಿಯ ಸುದ್ದಿ ದೆಹಲಿಗೆ ಮುಟ್ಟಿತು. ನೆಹರು ಕಳವಳದಿಂದ ರಾಜ್ಯಗಳ ಸಚಿವಾಲಯಕ್ಕೆ ಬರೆದರು. ಆಮೇಲೆ ಪಂಡಿತ ಸುಂದರಲಾಲ್ ಮತ್ತು ಕಾಜಿ ಅಬ್ದುಲ್ ಗಫಾರ್ ಅವರಿದ್ದ ಸೌಹಾರ್ದ ತಂಡ 1948ರ ನವೆಂಬರ್ ಕೊನೆಯಿಂದ ಡಿಸೆಂಬರ್ ತನಕ ಸಂಸ್ಥಾನದ 16 ಜಿಲ್ಲೆಗಳ ಪೈಕಿ ಒಂಬತ್ತರಲ್ಲಿ ಓಡಾಡಿತು. ಕಾರ್ಯಾಚರಣೆಯ ಹೊತ್ತಿನಲ್ಲಿ ಮತ್ತು ನಂತರ ಸತ್ತವರು 27 ಸಾವಿರದಿಂದ 40 ಸಾವಿರ ಇರಬಹುದು ಎಂದು ಅದು ಅಂದಾಜು ಮಾಡಿತು. ಸತ್ತವರಲ್ಲಿ ಬಹುಪಾಲು ಮುಸ್ಲಿಮರು. ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳು ಎಂದು ವರದಿ ಹೆಸರಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ಇವತ್ತಿನ ಯಾದಗಿರಿ ಆಗ ಗುಲ್ಬರ್ಗಾ ಜಿಲ್ಲೆಯೊಳಗಿತ್ತು, ಆದ್ದರಿಂದ ನಾಲ್ಕರಲ್ಲಿ ಎರಡು ಹೆಸರು ನಮ್ಮ ಮೂರು ಜಿಲ್ಲೆಗೆ ಸೇರಿದವು. ಕೆಲವು ಕಡೆ ಸೈನಿಕರೂ ಪೊಲೀಸರೂ ಲೂಟಿಯಲ್ಲಿ ಸೇರಿದ್ದರು ಎಂದು ವರದಿ ಹೇಳುತ್ತದೆ. ಇನ್ನು ಕೆಲವು ಕಡೆ ಸೈನಿಕರೇ ಮುಸ್ಲಿಮರನ್ನು ಕಾಪಾಡಿದರು ಎಂದೂ ಹೇಳುತ್ತದೆ.

ಪಟೇಲರಿಗೆ ಈ ವರದಿ ಹಿಡಿಸಲಿಲ್ಲ. ನಿಜಾಮರ ಪರ ನಿಂತ ಶಸ್ತ್ರಧಾರಿ ದಳದವರಾದ ರಜಾಕಾರರು ಅದಕ್ಕೂ ಮೊದಲು ಮಾಡಿದ ಅನಾಹುತಕ್ಕೆ ಇದರಲ್ಲಿ ತಕ್ಕ ಜಾಗ ಇಲ್ಲ ಎಂಬುದು ಅವರ ಸಿಟ್ಟು. ಆ ಸಿಟ್ಟಿಗೆ ಕಾರಣ ಇತ್ತು. ಬಸವಕಲ್ಯಾಣದ ಸೀಮೆಯ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡವನ್ನು ಈ ಭಾಗದ ಯಾವ ಮನೆಯೂ ಮರೆತಿಲ್ಲ. ಅಲ್ಲಿ ಸ್ಮಾರಕ ಎದ್ದು 2023ರಲ್ಲಿ ಉದ್ಘಾಟನೆಯೂ ಆಯಿತು. ಎಷ್ಟೋ ಕುಟುಂಬಗಳು ಆ ದಿನಗಳಲ್ಲಿ ಗಡಿ ದಾಟಿ ಸೊಲ್ಲಾಪುರದ ಕಡೆ ಓಡಿಹೋದವು. ಎರಡೂ ನೋವು ನಿಜ. ಆದರೆ ವರದಿಯನ್ನು ದಶಕಗಳ ಕಾಲ ಹೊರಗೆ ಬಿಡದೇ ಇದ್ದದ್ದರಿಂದ ಏನಾಯಿತು? ಅದರ ಲೆಕ್ಕ ಸರಿಯೇ, ವಿಧಾನ ಸರಿಯೇ, ಎಲ್ಲಿ ಏಕಪಕ್ಷೀಯ, ಎಲ್ಲಿ ಗಟ್ಟಿ ಎಂದು ಸಾಕ್ಷಿಗಳು ಬದುಕಿದ್ದಾಗಲೇ ಕೇಳಿ ತಿಳಿಯುವ ಅವಕಾಶ ಹೋಯಿತು. 2013ರಲ್ಲಿ ಬಿಬಿಸಿ ಅದರ ಬಗ್ಗೆ ಹೇಳಿದಾಗ ದೇಶದ ಬಹಳಷ್ಟು ಜನ ಮೊದಲ ಸಲ ಅದರ ಹೆಸರು ಕೇಳಿದರು. ಅಷ್ಟರಲ್ಲಿ 65 ವರ್ಷ ಆಗಿತ್ತು. ನೆನಪು ಅಷ್ಟು ದಿನ ಕಾಗದದ ಆಸರೆ ಇಲ್ಲದೆ ಉಳಿದರೆ ಚುನಾವಣೆಯ ಸರಕಾಗುತ್ತದೆ. 2024ರ ನವೆಂಬರಿನಲ್ಲಿ ಮಹಾರಾಷ್ಟ್ರದ ಪ್ರಚಾರದಲ್ಲಿ, ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ ಮಲ್ಲಿಕಾರ್ಜುನ ಖರ್ಗೆಯವರ ತಾಯಿ ರಜಾಕಾರರ ಬೆಂಕಿಗೆ ಬಲಿಯಾದ ವಿಷಯ ಭಾಷಣದ ವಸ್ತುವಾದದ್ದು ನೆನಪಿದೆಯಲ್ಲ.

ಮುಚ್ಚಿಡುವುದರಲ್ಲಿ ಒಂದೇ ಪಕ್ಷ ಮುಂದಿದೆ ಎಂದೂ ಹೇಳಲಾಗದು. 2008ರಲ್ಲಿ ನೆಹರು ಅವರ ಖಾಸಗಿ ಕಾಗದಗಳ 51 ಪೆಟ್ಟಿಗೆಗಳು ಇದೇ ತೀನ್ ಮೂರ್ತಿ ಗ್ರಂಥಾಲಯದಿಂದ ಸೋನಿಯಾ ಗಾಂಧಿಯವರ ಕಡೆಗೆ ಹೋದವು. ವಾಪಸ್ ಕೊಡಿ ಎಂಬ ಒತ್ತಾಯ ಈಗಲೂ ಇದೆ. 1962ರ ಸೋಲಿನ ಬಗ್ಗೆ ಸೇನೆಯೇ ಬರೆಸಿದ ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿಯನ್ನು ಯಾವ ಪಕ್ಷದ ಸರ್ಕಾರವೂ ಅಧಿಕೃತವಾಗಿ ಬಿಡುಗಡೆ ಮಾಡಲಿಲ್ಲ. ಅದರ ಒಂದು ಭಾಗವನ್ನು 2014ರಲ್ಲಿ ವಿದೇಶಿ ಪತ್ರಕರ್ತರೊಬ್ಬರು ಅಂತರ್ಜಾಲಕ್ಕೆ ಹಾಕಿದರು. ಬೂಚರ್ ಪತ್ರಕ್ಕೆ ಲಂಡನ್, ಇದಕ್ಕೆ ವಿದೇಶಿ ಪತ್ರಕರ್ತ. ನಮ್ಮ ಯುದ್ಧಗಳ ಕಾಗದ ನಮಗೆ ಸಿಗುವುದು ಹೊರಗಿನವರ ಕೈಯಿಂದ.

ಬೇರೆ ಕಡೆ ಹೇಗೆ? ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿಯಿತು. ಎರಡೂ ಕಡೆಯ ಸೇನೆಗಳ ಪತ್ರ, ತಂತಿ, ವರದಿಗಳನ್ನು ಅಲ್ಲಿನ ಸರ್ಕಾರವೇ 1880ರ ದಶಕದಿಂದ 1901ರವರೆಗೆ 128 ದಪ್ಪ ಪುಸ್ತಕಗಳಾಗಿ ಅಚ್ಚು ಹಾಕಿಸಿತು. ಸೋತವರ ಕಾಗದವೂ ಅದರಲ್ಲಿದೆ. ಅಧ್ಯಕ್ಷ ಲಿಂಕನ್ ಮತ್ತು ಜನರಲ್ ಮೆಕ್ಲೆಲನ್ ನಡುವಿನ ಜಟಾಪಟಿ ಇವತ್ತು ಯಾರು ಬೇಕಾದರೂ ಓದಬಹುದು. ಜನರಲ್ ಇನ್ನಷ್ಟು ದಂಡು ಕಳಿಸಿ ಅನ್ನುತ್ತಾರೆ, ಅಧ್ಯಕ್ಷರು ಇರುವ ದಂಡನ್ನು ಮುಂದೆ ನಡೆಸಿ ಅನ್ನುತ್ತಾರೆ. 1862ರ ಜೂನ್ 28ರ ನಡುರಾತ್ರಿ, ಒಂದು ದೊಡ್ಡ ಪೆಟ್ಟು ತಿಂದ ಮೇಲೆ, ಮೆಕ್ಲೆಲನ್ ಯುದ್ಧ ಮಂತ್ರಿ ಸ್ಟ್ಯಾಂಟನ್‌ಗೆ ತಂತಿ ಕಳಿಸಿದರು. ಕೊನೆಯಲ್ಲಿ, ಈ ಸೇನೆ ಉಳಿದರೆ ಅದರ ಋಣ ನಿಮ್ಮದಲ್ಲ, ಇದನ್ನು ಬಲಿಕೊಡಲು ನೀವು ಕೈಲಾದದ್ದೆಲ್ಲ ಮಾಡಿದ್ದೀರಿ ಎಂಬರ್ಥದ ಮಾತಿತ್ತು. ವಾಷಿಂಗ್ಟನ್ನಿನ ತಂತಿ ಕಚೇರಿಯ ಮೇಲಧಿಕಾರಿ ಅದನ್ನು ಓದಿ ಗಾಬರಿಬಿದ್ದು, ಆ ಸಾಲುಗಳನ್ನು ತೆಗೆದುಹಾಕಿ ಉಳಿದದ್ದನ್ನು ಮುಂದಕ್ಕೆ ಕೊಟ್ಟರು. ಮಂತ್ರಿ ಓದಿದ್ದೇ ಬೇರೆ, ಜನರಲ್ ಬರೆದದ್ದೇ ಬೇರೆ. ನನ್ನ ಮಾತಿಗೆ ಉತ್ತರವೇ ಬರಲಿಲ್ಲವಲ್ಲ ಎಂದು ಜನರಲ್ ಏನೆಂದುಕೊಂಡರೋ! ಕಳಿಸಿದ ಮಾತು ಮತ್ತು ತಲುಪಿದ ಮಾತು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಮಾತ್ರ ಇಂಥದ್ದು ಗೊತ್ತಾಗುತ್ತದೆ. ಮರುವರ್ಷ ಜುಲೈನಲ್ಲಿ ಗೆಟಿಸ್‌ಬರ್ಗ್ ಗೆದ್ದ ಜನರಲ್ ಮೀಡ್‌ಗೆ ಲಿಂಕನ್ ಒಂದು ಕಟುವಾದ ಪತ್ರ ಬರೆದರು, ಶತ್ರು ಕೈಗೆ ಸಿಕ್ಕಿದ್ದ, ಬಿಟ್ಟುಬಿಟ್ಟಿರಿ ಎಂದು. ಆಮೇಲೆ ಕಳಿಸಲೇ ಇಲ್ಲ. ಹಾಗೇ ಮಡಚಿ ಇಟ್ಟರು. ಆ ಪತ್ರವೂ ಉಳಿದಿದೆ. ಒಬ್ಬ ನಾಯಕ ಸಿಟ್ಟನ್ನು ಹೇಗೆ ನುಂಗಿಕೊಂಡ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಮುಚ್ಚಿಡಬೇಕು ಎನ್ನುವವರ ವಾದವನ್ನೂ ಸುಮ್ನೆ ತಳ್ಳಿಹಾಕುವುದು ಸರಿಯಲ್ಲ. ಕಾಶ್ಮೀರ ಇವತ್ತಿಗೂ ಮುಗಿದ ವಿಷಯವಲ್ಲ, ಹಳೆಯ ಸಾಲೊಂದನ್ನು ಎದುರಾಳಿ ಅಂತರರಾಷ್ಟ್ರೀಯ ವೇದಿಕೆಯಲ್ಲಿ ಎತ್ತಬಹುದು. ಇದಕ್ಕಿಂತ ಗಟ್ಟಿಯಾದ ಇನ್ನೊಂದು ವಾದ ಇದೆ. ಜನರಲ್ ಒಬ್ಬರು ಪ್ರಧಾನಿಗೆ ನಮ್ಮ ಪಡೆ ದಣಿದಿದೆ ಎಂದು ಬರೆಯಬೇಕಾದರೆ ಧೈರ್ಯ ಬೇಕು. ಇದು ನಾಳೆ ಟಿವಿಯಲ್ಲಿ ಬರುತ್ತದೆ ಎಂದು ಗೊತ್ತಾದರೆ ಅವರು ಬರೆಯುವುದೇ ಇಲ್ಲ, ಎಲ್ಲ ಚೆನ್ನಾಗಿದೆ ಎಂದುಬಿಡುತ್ತಾರೆ. ಆದ್ದರಿಂದ ಒಂದಷ್ಟು ಕಾಲ ಬೀಗ ಬೇಕು, ಒಪ್ಪೋಣ. ನಮ್ಮ ಕಾನೂನು ಕೂಡ ಅದನ್ನೇ ಹೇಳುತ್ತದೆ. ಸಾರ್ವಜನಿಕ ದಾಖಲೆಗಳ ಕಾಯ್ದೆ 1993ರದು. ಅದರ ನಿಯಮಗಳ ಪ್ರಕಾರ ದಾಖಲೆ ತೆರೆಯಲು ಸಾಮಾನ್ಯವಾಗಿ 25 ವರ್ಷದ ಗಡುವು. ಮಾಹಿತಿ ಹಕ್ಕು ಕಾಯ್ದೆ 20 ವರ್ಷ ದಾಟಿದ ವಿಷಯಕ್ಕೆ ಹೆಚ್ಚಿನ ವಿನಾಯಿತಿಗಳನ್ನು ತೆಗೆದುಹಾಕುತ್ತದೆ, ದೇಶದ ಭದ್ರತೆ ಮತ್ತು ವಿದೇಶ ಸಂಬಂಧ, ಶಾಸನಸಭೆಗಳ ಹಕ್ಕುಬಾಧ್ಯತೆ, ಮಂತ್ರಿಮಂಡಲದ ಕಾಗದ ಇಂಥ ಕೆಲವು ವಿನಾಯಿತಿ ಮಾತ್ರ ಉಳಿಸಿಕೊಳ್ಳುತ್ತದೆ. 2021ರ ಜೂನ್‌ನಲ್ಲಿ ರಕ್ಷಣಾ ಸಚಿವಾಲಯ ಹೊಸ ನೀತಿ ತಂದಿತು. ಯುದ್ಧದ ಇತಿಹಾಸವನ್ನು ಐದು ವರ್ಷದೊಳಗೆ ಬರೆಯಬೇಕು, ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಕ್ಕೆ ತೆರೆಯಬೇಕು ಎಂದು. ಆದರೆ ಬೂಚರ್ ಕಟ್ಟಿನ ಮೇಲೆ ಹಿಡಿತ ಇರುವುದು ವಿದೇಶಾಂಗ ಸಚಿವಾಲಯಕ್ಕೆ. ಗಡುವು ಯಾವತ್ತೋ ಮೀರಿದೆ. 1948ರ ಸೈನಿಕರ ರಜೆಯ ಕೊರತೆ ಇವತ್ತು ಯಾರ ಭದ್ರತೆಗೆ ಧಕ್ಕೆ?

ಇದರಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಹಳೆಯ ಬೀಗಕ್ಕಿಂತ ಹೊಸ ಅಭ್ಯಾಸ. ಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಎಂ.ಎಂ. ನರವಣೆ ಅವರ ಆತ್ಮಕಥೆಯ ಕೆಲವು ಭಾಗ 2023ರ ಡಿಸೆಂಬರಿನಲ್ಲಿ ಸುದ್ದಿಸಂಸ್ಥೆಯ ಮೂಲಕ ಹೊರಬಂತು. ಪುಸ್ತಕ ಮಾತ್ರ ರಕ್ಷಣಾ ಸಚಿವಾಲಯದ ಪರಿಶೀಲನೆಯಲ್ಲಿ ಸಿಕ್ಕಿಹಾಕಿಕೊಂಡಿತು. ಹೊರಬಂದ ಭಾಗದಲ್ಲಿ 2020ರ ಆಗಸ್ಟ್ 31ರ ರಾತ್ರಿಯ ಮಾತಿದೆ. ಪೂರ್ವ ಲಡಾಖಿನ ರೇಚಿನ್ ಲಾ ಕಡೆಗೆ ಚೀನಾದ ಟ್ಯಾಂಕುಗಳು ಬರುತ್ತಿವೆ. ಸೇನಾ ಮುಖ್ಯಸ್ಥರು ಮೇಲಿನವರಿಗೆ ಒಂದಾದ ಮೇಲೊಂದು ಫೋನ್ ಮಾಡುತ್ತಾರೆ, ನನಗೇನು ಆದೇಶ ಎಂದು. ಕೊನೆಗೆ ರಕ್ಷಣಾ ಮಂತ್ರಿ ರಾಜನಾಥ್ ಸಿಂಗ್ ಪ್ರಧಾನಿ ಜೊತೆ ಮಾತಾಡಿ ತಿರುಗಿ ಫೋನ್ ಮಾಡುತ್ತಾರೆ. ಇದು ಪೂರ್ತಿ ಸೇನೆಯ ತೀರ್ಮಾನ, ಸರಿಕಂಡದ್ದು ಮಾಡಿ. ಇದನ್ನು ಜನರಲ್ ಮೇಲೆ ಇಟ್ಟ ಭರವಸೆ ಎಂದು ಓದಬಹುದು. ಯುದ್ಧ ಹೊತ್ತಿಸುವ ಹೊಣೆಯನ್ನು ಸಮವಸ್ತ್ರದವರ ಹೆಗಲಿಗೆ ಜಾರಿಸಿದ್ದು ಎಂದೂ ಓದಬಹುದು. ಬೂಚರ್ ಕಾಲದಲ್ಲಿ ಫೋನಿನ ಜೊತೆಗೆ ಪತ್ರವೂ ಇತ್ತು. ಆಗಸ್ಟ್ 31ರ ರಾತ್ರಿಯದ್ದು ಇಷ್ಟಾದರೂ ನಮಗೆ ಗೊತ್ತಾದದ್ದು ಮುಖ್ಯಸ್ಥರು ನಿವೃತ್ತರಾದ ಮೇಲೆ ತಾವೇ ಬರೆದದ್ದರಿಂದ. ಚುನಾಯಿತ ನಾಯಕ ದಂಡಿಗೆ ಏನು ಹೇಳಿದ ಎಂಬುದು ಕಾಗದದಲ್ಲಿ ಇಲ್ಲದಿದ್ದರೆ ಗೆದ್ದಾಗ ಹಾರ ಯಾರಿಗೆ, ಸೋತಾಗ ದೂರು ಯಾರಿಗೆ ಎಂಬುದು ಆಮೇಲೆ ಬಲ ಇದ್ದವರ ಇಷ್ಟ.

ನಮ್ಮ ಭಾಗದ ಮಟ್ಟಿಗೆ ಕೇಳಬೇಕಾದ್ದು ದೊಡ್ಡದೇನಲ್ಲ. ನಿಜಾಮರ ಸರ್ಕಾರದ ಕಡತಗಳು ಹೈದರಾಬಾದಿನ ತೆಲಂಗಾಣ ಪತ್ರಾಗಾರದಲ್ಲಿವೆ, ಬಹುಪಾಲು ಉರ್ದುವಿನಲ್ಲಿ. ಹೊಲದ ತಕರಾರಿಗೆ ಖಾಸ್ರಾ ಪಹಣಿ, ಸೇತ್ವಾರ್ ಎಂಬ ಹಳೆಯ ಜಮೀನು ದಾಖಲೆ ಹುಡುಕಿಕೊಂಡು ಹೋದವರಿಗೆ ಆ ಬರಹ ಓದಿಸುವುದು ಎಷ್ಟು ಕಷ್ಟ ಎಂದು ಗೊತ್ತು. ಓದಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆ ಆಗುತ್ತಿದ್ದಾರೆ. ಗುಲ್ಬರ್ಗಾ ವಿಶ್ವವಿದ್ಯಾಲಯ ಇದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. 1947ರಿಂದ 1949ರವರೆಗಿನ ನಮ್ಮ ಮೂರು ಜಿಲ್ಲೆಗಳ ಕಡತಗಳ ಡಿಜಿಟಲ್ ಪ್ರತಿ ಕಲಬುರಗಿಗೆ ಬರಲಿ, ಉರ್ದು ಓದಬಲ್ಲವರನ್ನು ಕೂರಿಸಿ ಕನ್ನಡದಲ್ಲಿ ಸೂಚಿ ಮಾಡಿಸಲಿ. ಮಿಲಿಟರಿ ಗವರ್ನರ್ ಚೌಧುರಿ ದೆಹಲಿಗೆ ಕಳಿಸಿದ ವರದಿಗಳು, ಅವಕ್ಕೆ ಬಂದ ಉತ್ತರಗಳು ಜೊತೆಗಿರಲಿ. ಗೋರ್ಟಾದ ಕಾಗದವೂ ಸುಂದರಲಾಲ್ ಕಾಗದವೂ ಒಂದೇ ಸೂಚಿಯಲ್ಲಿ ಬರಲಿ. ಪ್ರತಿ ಸೆಪ್ಟೆಂಬರ್ 17ಕ್ಕೆ ಇಲ್ಲಿಗೆ ಮುಖ್ಯಮಂತ್ರಿ ಬರುತ್ತಾರೆ, ಕೈಯಲ್ಲಿ ಮನವಿ ಪತ್ರ ಹಿಡಿದು ನೂರು ಜನ ನಿಂತಿರುತ್ತಾರೆ. ರಸ್ತೆ, ನೀರು, ನೇಮಕಾತಿಯ ಮನವಿಗಳ ಜೊತೆಗೆ ಇದನ್ನೂ ಒಂದು ಹಾಳೆಯಲ್ಲಿ ಬರೆದು ಕೊಡಬಹುದು.